ಗೋಸುಂಬೆ ಮೊಟ್ಟೆಗೆ ಆರ್ಡುಯಿನೊ ಬೇಡ

ಮಾನ್ವಿ ಕಡೆ ಹೊಲದ ಬದು ಅಗೆಯುವಾಗ ಗೋಸುಂಬೆ ಮೊಟ್ಟೆ ಸಿಕ್ಕವು ಅಂತ ಕ್ಲಾಸ್‌ಮೇಟ್ ಫೋಟೊ ಕಳಿಸಿದ. ತಕ್ಷಣ ನಮ್ಮ ಗ್ರೂಪಲ್ಲಿ ಆರ್ಡುಯಿನೊ, ಬಲ್ಬು, ಸೆನ್ಸರ್ ಹಾಕಿ ಇನ್‌ಕ್ಯುಬೇಟರ್ ಮಾಡೋ ಪ್ಲಾನ್! ನನಗಿದು ಸರಿ ಅನಿಸಲಿಲ್ಲ.

ಕೋಳಿ ಮೊಟ್ಟೆಯನ್ನು ತಿರುಗಿಸ್ತಾ ಇರಬೇಕು. ಇದನ್ನು ತಿರುಗಿಸಿದರೆ ಒಳಗಿನ ಮರಿ ಸಾಯಬಹುದು. ಇದರ ಮೆತ್ತನೆ ಚಿಪ್ಪು ಮಣ್ಣಿನ ತೇವ ಹೀರಿಕೊಳ್ಳುತ್ತೆ, ಬರೀ ಬಲ್ಬಿನ ಶಾಖಕ್ಕೆ ಒಣಗುತ್ತೆ. ಅವಧಿಗೆ ಮುಂಚೆ ಹೊರಬಂದ ಮರಿಯ ಹೊಟ್ಟೆಗೆ ಹಳದಿ ಚೀಲ ಅಂಟಿಕೊಂಡಿರಬಹುದು. ಅದು ತಾನಾಗಿ ಒಳಗೆ ಸೇರೋವರೆಗೆ ಒದ್ದೆ ಟಿಶ್ಯೂ ಮೇಲೆ ಸುಮ್ಮನೆ ಬಿಡಬೇಕು, ಎಳೆಯಬಾರದು. ಹಾಸ್ಟೆಲ್ ರೂಮಲ್ಲಿ ತಿಂಗಳುಗಟ್ಟಲೆ ಅಷ್ಟು ತಾಳ್ಮೆ ಯಾರಿಗಿದೆ? (ಇಂಟರ್ನಲ್ಸ್ ಬೇರೆ.) ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಟ್ಟುಕೊಳ್ಳೋದೇ ಅಪರಾಧ.

"ತಿರುಗಿಸದೆ ತೇವದ ಮಣ್ಣು ಮುಚ್ಚು, ಅರಣ್ಯ ಇಲಾಖೆಗೆ ಫೋನ್ ಮಾಡು" ಅಂದೆ. ಅವರಪ್ಪ ಆಗಲೇ ಮಣ್ಣು ಮುಚ್ಚಿದ್ದರಂತೆ.