ಸುಡುಮಣ್ಣಿನ ಋಣ

ಕಳವಾದ ನಮ್ಮ ಮನೆಯಲ್ಲಿ ಮಣ್ಣೆಂದರೆ ತುಳಸಿಯ ಕುಂಡದಷ್ಟೇ. ಆದರೂ ದಕ್ಷಿಣ ಕನ್ನಡದ ನಮ್ಮೂರಿನಲ್ಲಿ ತರಗೆಲೆ, ಕಸಕಡ್ಡಿಗಳಿಗೆ ಮಣ್ಣು ಮುಚ್ಚಿ, ನಿಧಾನವಾಗಿ ಉರಿಸಿ ಹಿರಿಯರು ಮಾಡುತ್ತಿದ್ದ ಸುಡುಮಣ್ಣನ್ನು ನಾನು ಮರೆತಿಲ್ಲ. ಗಾಳಿ ಸಾಲದಲ್ಲಿ ಕಸವೆಲ್ಲ ಬೂದಿಯಾಗದೆ ಒಂದಂಶ ಇದ್ದಿಲಾಗುತ್ತದೆ. ಗಿಡವು ಗಾಳಿಯಿಂದ ಹೀರಿದ ಇಂಗಾಲ ಹೀಗೆ ನೂರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ಮುಚ್ಚಿದ ಕುಲುಮೆಯಲ್ಲಿ ಇದನ್ನೇ ಶಾಸ್ತ್ರೀಯವಾಗಿ ಮಾಡಿದರೆ ಅದು ಬಯೋಚಾರ್.

2025ರ ಜನವರಿಯಲ್ಲಿ ಗೂಗಲ್ ಸಂಸ್ಥೆಯು ವರಾಹ ಎಂಬ ಭಾರತೀಯ ಕಂಪೆನಿಯಿಂದ, 2030ರೊಳಗೆ, ಬಯೋಚಾರಿನ 1 ಲಕ್ಷ ಟನ್ ಕಾರ್ಬನ್ ಕ್ರೆಡಿಟ್ ಕೊಳ್ಳಲು ಒಪ್ಪಿತು. ಸಂತೋಷವೇ. ಆದರೆ ಕಸ ರೈತನದು. ಇದ್ದಿಲನ್ನು ಒಡಲಲ್ಲಿಟ್ಟುಕೊಳ್ಳುವ ಹೊಲವೂ ಅವನದೇ. ಕಸದ ಬೆಲೆಯಷ್ಟನ್ನೇ ಕೊಟ್ಟು ಕೈತೊಳೆದುಕೊಂಡರೆ ಸಾಲದು; ಕ್ರೆಡಿಟ್ಟಿನಲ್ಲಿ ಅವನ ಪಾಲು ಕರಾರಿನಲ್ಲೇ ನಮೂದಾಗಿರಬೇಕು. ಊರಿನಲ್ಲಿ ತುಂಡು ಜಮೀನುಳ್ಳ ನಾವು ಇದನ್ನು ಕೇಳದೆ ಸಹಿ ಹಾಕಬಾರದು.