ಗಿರಣಿಯವನಿಗೆ ಕಾದಂಬರಿ ಏಕೆ?

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಮ್ಮ ಉಳ್ಳವರಿಗೆ ಬಹಳ ಪ್ರಿಯವಾದದ್ದು. ಗಿರಣಿಯ ಆಳು ಸಂಬಳ ಹೆಚ್ಚಿಸಿ ಎಂದು ಕೇಳಿದರೆ ಅವನಿಗೆ ಗಾದೆ ಹೇಳುವುದಿಲ್ಲ, ಪೊಲೀಸರನ್ನು ಕರೆಸುತ್ತಾರೆ. ಆದರೆ ಅವನು ಸಂಜೆ ಒಂದು ಗಂಟೆ ಬಿಡುವು ಬೇಕು, ಒಂದು ಕಾದಂಬರಿ ಓದಬೇಕು, ಮನೆಮಂದಿಯೊಡನೆ ಸಿನಿಮಾ ನೋಡಬೇಕು, ಹಾರ್ಮೋನಿಯಂ ಮುಂದೆ ಕೂರಬೇಕು ಎಂದನೋ, ಒಡನೆ ಈ ಮಲ್ಲಿಗೆಯ ಗಾದೆ ಹೊರಬೀಳುತ್ತದೆ. ಹಿಟ್ಟೂ ಬೇಕು, ಮಲ್ಲಿಗೆಯೂ ಬೇಕು ಎಂಬುದು ನಮ್ಮ ವಾದ. ಮಲ್ಲಿಗೆ ಬೆಳೆಯುವವರೂ ಕಟ್ಟುವವರೂ ನಮ್ಮವರೇ ಆಗಿರುವಾಗ ಮುಡಿಯುವ ಹಕ್ಕು ಮಾತ್ರ ಧಣಿಗಳ ಮನೆಯದೆಂದರೆ ನಾವು ಒಪ್ಪಲಾರೆವು.

ಓದುವುದು, ಹಾಡುವುದು, ಬರೆಯುವುದು ಎಲ್ಲಕ್ಕೂ ಮೊದಲು ಬೇಕಾದದ್ದು ಹೊತ್ತು. ಆ ಹೊತ್ತು ಯಾರ ಕೈಯಲ್ಲಿದೆ ಎಂಬುದೇ ಇಲ್ಲಿನ ಜಗಳ. ಷಿಕಾಗೋ ನಗರದ ಕೆಲಸಗಾರರು 1886ರ ಮೇ ತಿಂಗಳಲ್ಲಿ ಬೀದಿಗಿಳಿದು ಗುಂಡು ತಿಂದದ್ದು ಕೂಲಿಯ ನಾಲ್ಕು ಕಾಸಿಗಾಗಿ ಅಲ್ಲ, ದಿನಕ್ಕೆ ಎಂಟೇ ಗಂಟೆಯ ದುಡಿಮೆಗಾಗಿ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿಶ್ರಾಂತಿ, ಮಿಕ್ಕ ಎಂಟು ಗಂಟೆ ನಮ್ಮ ಇಷ್ಟ ಎಂದು ಆ ಕಾಲದ ಕಾರ್ಮಿಕರು ಲೆಕ್ಕ ಹಾಕಿದ್ದರು. ಆ ಮೂರನೆಯ ಎಂಟು ಗಂಟೆಯ ಮಾತನ್ನು ಇಂದು ನಮ್ಮ ಸಂಘದವರೂ ಎತ್ತುವುದಿಲ್ಲ.

ಈ ದೇಶದಲ್ಲಿ ಒಂದೊಂದು ಗಂಟೆಯನ್ನೂ ಕಿತ್ತುಕೊಂಡೇ ಪಡೆಯಬೇಕಾಯಿತು. 1922ರ ಕಾನೂನು ವಾರಕ್ಕೆ 60 ಗಂಟೆ ಎಂದಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಅದು 1934ರಲ್ಲಿ 54ಕ್ಕೆ ಇಳಿಯಿತು. 48ಕ್ಕೆ ಇಳಿಸಲು 1946ರ ತಿದ್ದುಪಡಿ ಬರಬೇಕಾಯಿತು; 1948ರ ಕಾರ್ಖಾನೆ ಕಾಯ್ದೆ ಅದನ್ನು ಉಳಿಸಿಕೊಂಡು ದಿನಕ್ಕೆ 9 ಗಂಟೆಯ ಗಡಿ ಹಾಕಿತು. ಅಜ್ಜಂದಿರು ಗಳಿಸಿದ ಈ ಆಸ್ತಿಯನ್ನು ಮೊಮ್ಮಕ್ಕಳ ಕಾಲದಲ್ಲಿ ಹೇಗೆ ಕರಗಿಸುತ್ತಿದ್ದಾರೆ ನೋಡಿ. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ತಿದ್ದುಪಡಿಯೊಂದನ್ನು ಒಪ್ಪಿ, ಆಳು ಸಹಿ ಹಾಕಿಕೊಟ್ಟರೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದೆಂದಿತು. ಮೂರು ತಿಂಗಳ ಓವರ್‌ಟೈಮಿನ ಮಿತಿ 75 ಗಂಟೆಯಿದ್ದದ್ದು 145ಕ್ಕೆ ಏರಿತು. ಸಹಿ ಹಾಕದವನ ಗತಿಯೇನು ಎಂಬುದನ್ನು ಗಿರಣಿಯ ಗೇಟಿನಲ್ಲಿ ನಿಂತವನು ಬಲ್ಲ.

"ವಾರದ 48 ಹಾಗೆಯೇ ಇದೆಯಲ್ಲ, ನಿಮ್ಮದೇನು ತಕರಾರು?" ಎಂದು ಮಾಲೀಕ ಮಹಾಶಯರು ಕೇಳುತ್ತಾರೆ. ಸ್ವಾಮಿ, ಮನುಷ್ಯ ವಾರಗಟ್ಟಲೆ ಬದುಕುವುದಿಲ್ಲ, ದಿನದಿನವೂ ಬದುಕುತ್ತಾನೆ. ವಾರದ ಊಟವನ್ನು ಭಾನುವಾರ ಒಮ್ಮೆಗೇ ಬಡಿಸಿ, ಸೋಮವಾರದಿಂದ ಉಪವಾಸವಿರೆಂದರೆ ನೀವು ಒಪ್ಪುತ್ತೀರಾ? ಹನ್ನೆರಡು ಗಂಟೆ ಯಂತ್ರದ ಮುಂದೆ ನಿಂತು, ಬಸ್ಸಿನಲ್ಲಿ ಜೋತಾಡಿ ಮನೆ ಸೇರಿದವನ ಕೈಯಲ್ಲಿ ಪುಸ್ತಕ ಹಿಡಿಯುವ ತ್ರಾಣ ಉಳಿದಿರುವುದಿಲ್ಲ. ತಬಲ ಕಲಿಯುವವನು ದಿನಕ್ಕೆ ಅರ್ಧ ತಾಸು ಬಾರಿಸಬೇಕು. ವಾರಕ್ಕೊಮ್ಮೆ ಮೂರೂವರೆ ತಾಸು ಬಾರಿಸಿದರೆ ಬೆರಳು ನೋಯುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ. ಪದ ಕಟ್ಟುವವನಿಗೂ, ನಾಟಕದ ಮಾತು ಕಲಿಯುವವನಿಗೂ ಇದೇ ಲೆಕ್ಕ.

ಇಷ್ಟೂ ಸಾಲದೆಂಬ ಮಹಾನುಭಾವರಿದ್ದಾರೆ. ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶ ಮಾಡಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು 90 ಗಂಟೆಯ ಮಾತಾಡಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದಲ್ಲಿ ಕೇಳಿದ್ದು ಹೊರಬಿತ್ತು. ನಮ್ಮ ಉತ್ತರ ಚಿಕ್ಕದು: ನೋಡುವಷ್ಟು ಹೊತ್ತು ನೋಡುತ್ತೇವೆ, ಆಮೇಲೆ ಇಬ್ಬರೂ ಕೂಡಿ ಸಿನಿಮಾಕ್ಕೆ ಹೋಗುತ್ತೇವೆ.

ಆದರೆ ಸಿನಿಮಾದ ಮಾತು ಬಂದೊಡನೆ ನಮ್ಮವರಲ್ಲೇ ಕೆಲವರು ಮುಖ ಸಿಂಡರಿಸುತ್ತಾರೆ. ಸಿನಿಮಾ ಅಫೀಮು, ಪತ್ತೇದಾರಿ ಕಾದಂಬರಿ ಕಸ, ಕಾರ್ಮಿಕನು ಓದಬೇಕಾದದ್ದು ಸಿದ್ಧಾಂತದ ಪುಸ್ತಕ ಎಂಬುದು ಈ ಗೆಳೆಯರ ಮತ. ಅವರ ಕಳಕಳಿಯನ್ನು ನಾವು ಬಲ್ಲೆವು. ನಟನ ಕಟೌಟಿಗೆ ಹಾಲು ಸುರಿಯುವ ಹುಚ್ಚನ್ನು ಕಂಡು ನಮಗೂ ಬೇಸರವಿದೆ. ಆ ಹಾಲು ಮಕ್ಕಳ ಬಾಯಿಗೆ ಸೇರಬೇಕಾದದ್ದು. ಹಾಗೆಂದು ದಣಿದು ಬಂದವನು ನಗಲು ಹೋಗುವ ಜಾಗಕ್ಕೆ ಕಾವಲು ಕೂರುವ ಅಧಿಕಾರ ಈ ಗೆಳೆಯರಿಗೆ ಕೊಟ್ಟವರಾರು? ಧಣಿ ಅವನ ಹಗಲನ್ನು ಆಳುತ್ತಾನೆ. ಮುಖಂಡನು ಅವನ ಸಂಜೆಯನ್ನು ಆಳಬೇಕೇ? ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆ, ನಾಟಕ ಕಂಪನಿಯಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಾದ ರಾಜಕುಮಾರ್ ಅವರ ಹಿಂದೆ ಜನ ಹೋದದ್ದು ಬರಿಯ ಮೋಜಿಗೋ? 1982ರ ಗೋಕಾಕ ಚಳವಳಿಯಲ್ಲಿ ಅವರು ಊರೂರು ತಿರುಗಿದಾಗ ಬೀದಿಗೆ ಬಂದವರು ಇದೇ ಗಾಂಧಿ ಕ್ಲಾಸಿನ ಜನ. ನಮ್ಮ ಸಭೆಗಳಿಗೆ ಅಷ್ಟು ಜನ ಏಕೆ ಬರಲಿಲ್ಲವೆಂದು ನಾವು ಯೋಚಿಸುವುದು ಒಳ್ಳೆಯದು.

ಮೊಬೈಲಿನ ಕಥೆ ಬೇರೆ. ಮೊಬೈಲಿನಲ್ಲಿ ಒಳ್ಳೆಯ ಹಾಡೂ ಇದೆ, ನಾಟಕವೂ ಇದೆ. ಆದರೆ ದಣಿದವನ ಹೆಬ್ಬೆರಳು ಅರ್ಧ ನಿಮಿಷದ ರೀಲ್ಸನ್ನು ಒಂದರ ಮೇಲೊಂದು ತಳ್ಳುತ್ತಾ ರಾತ್ರಿ ಹನ್ನೊಂದಾದದ್ದು ಅವನಿಗೇ ತಿಳಿಯುವುದಿಲ್ಲ. ಇದು ಅವನ ಸೋಮಾರಿತನವಲ್ಲ. ಮೈಯೆಲ್ಲ ಸೋತಾಗ ಉಳಿಯುವುದು ಹೆಬ್ಬೆರಳಿನ ಬಲವೊಂದೇ, ಮತ್ತು ಆ ಬಲದಿಂದಲೂ ಜಾಹೀರಾತಿನ ಹಣ ಹಿಂಡುವ ಕಂಪನಿಗಳು ಸಮುದ್ರದಾಚೆ ಕೂತಿವೆ. ಹಗಲು ಒಬ್ಬ ಧಣಿ, ರಾತ್ರಿ ಇನ್ನೊಬ್ಬ.

ದುಡಿಯುವವನಿಗೆ ಸಾಹಿತ್ಯ ಒಗ್ಗುವುದಿಲ್ಲವೆನ್ನುವವರು ಕನ್ನಡದ ಚರಿತ್ರೆಯನ್ನೇ ಓದಿಲ್ಲ. ಜೇಡರ ದಾಸಿಮಯ್ಯ ನೇಕಾರ. ಅಂಬಿಗರ ಚೌಡಯ್ಯ ದೋಣಿ ನಡೆಸುವವ. ನುಲಿಯ ಚಂದಯ್ಯ ಹಗ್ಗ ಹೊಸೆಯುವವ. ಆಯ್ದಕ್ಕಿ ಲಕ್ಕಮ್ಮನ ಮನೆ ನಡೆದದ್ದು ಆಯ್ದು ತಂದ ಅಕ್ಕಿಯಿಂದ. ಇವರನ್ನು ತೆಗೆದುಹಾಕಿದರೆ ವಚನಗಳಲ್ಲಿ ಎಷ್ಟು ಉಳಿದೀತು? ನೇಕಾರನ ಮಗ್ಗ ಅವನ ಮನೆಯಲ್ಲೇ ಇತ್ತು, ಲಾಳಿಯನ್ನು ಒಂದು ಗಳಿಗೆ ನಿಲ್ಲಿಸುವ ಸ್ವಾತಂತ್ರ್ಯ ಅವನಿಗಿತ್ತು ಎಂಬುದನ್ನು ಮರೆಯಬೇಡಿ. ಇಂದು ಯಂತ್ರ ನಿಲ್ಲಿಸಿದರೆ ಮೆಮೊ ಬರುತ್ತದೆ.

ಯಂತ್ರದ ಕಾಲದಲ್ಲೂ ಸಾಕ್ಷಿ ಇದೆ. ನಮ್ಮ ಉತ್ತರದ ಜಿಲ್ಲೆಗಳಿಂದಲೂ ಜನ ದುಡಿಯಲು ಹೋದ ಮುಂಬಯಿಯ ಗಿರಣಿಗಳಲ್ಲೇ ಅಣ್ಣಾಭಾವು ಸಾಠೆ ಕೂಲಿ ಮಾಡಿದರು. ಲಾವಣಿ ಕಟ್ಟಿದರು, 1959ರಲ್ಲಿ ‘ಫಕೀರಾ’ ಕಾದಂಬರಿ ಕೊಟ್ಟರು. ಗಿರಣಿ ಕಾರ್ಮಿಕನೊಬ್ಬ ಬೀದಿಯಿಂದ ಎತ್ತಿ ತಂದು ಸಾಕಿದ ನಾರಾಯಣ ಸುರ್ವೆ ತಾವೂ ಗಿರಣಿಯಲ್ಲಿ ದುಡಿದು, 1962ರಲ್ಲಿ ಮೊದಲ ಕವನ ಸಂಗ್ರಹ ತಂದರು. ಆ ಕಾರ್ಮಿಕರ ಚಾಳುಗಳಲ್ಲಿ ಭಜನಾ ಮಂಡಳಿಯಿತ್ತು, ವಾಚನಾಲಯವಿತ್ತು, ತಮಾಷೆಯ ಮೇಳವಿತ್ತು. ಸುಮಾರು ಎರಡೂವರೆ ಲಕ್ಷ ಜನ 1982ರ ಮುಷ್ಕರದಲ್ಲಿ ತಿಂಗಳುಗಟ್ಟಲೆ ನಿಂತರು. ಮುಷ್ಕರ ಸೋತಿತು, ನಿಜ. ಆದರೆ ಅಷ್ಟು ದಿನ ಜನ ಒಟ್ಟಿಗೆ ನಿಂತದ್ದರಲ್ಲಿ ಆ ಸಂಜೆಗಳ ಪಾಲೂ ಇದೆ ಎಂಬುದು ನಮ್ಮ ನಂಬಿಕೆ.

ಗಂಡಸರ ಮಾತಾಯಿತು. ಹೆಂಗಸರ ಮಾತಿಗೆ ಬಂದರೆ ಕಾರ್ಮಿಕ ಮುಖಂಡನೂ ತಲೆ ತಗ್ಗಿಸಬೇಕು. ಭಾರತ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಆರು ವರ್ಷ ದಾಟಿದವರ ಪೈಕಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡು 88. ಗಾರ್ಮೆಂಟ್ಸಿನಲ್ಲಿ ಹೊಲಿದು ಬಂದ ಅಕ್ಕ ಒಲೆ ಮುಂದೆ ಎರಡನೆಯ ಪಾಳಿ ಆರಂಭಿಸುವಾಗ, ಎಂಟು ಗಂಟೆಯ ಘೋಷಣೆ ಕೂಗಿ ಬಂದ ಅಣ್ಣ ಚಹಾ ಬರಲೆಂದು ಕೂತಿರುತ್ತಾನೆ. ಹಳೆಯ ಸೀರೆಯ ಚೂರುಗಳಿಂದ ಕೌದಿ ಹೊಲಿಯುವ, ಬೀಸುವ ಪದ ಕಟ್ಟಿದ ಕೈಗಳಿವು. ಹನ್ನೆರಡರ ಸುಮಾರಿಗೆ ಶಾಲೆ ಬಿಟ್ಟು ಮದುವೆಯಾದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದದ್ದು ನಲವತ್ತೈದರ ಆಸುಪಾಸಿನಲ್ಲಿ, 1963ರಲ್ಲಿ. ಬೇಗ ಬಿಡುವು ಸಿಕ್ಕಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ!

ಅಂಗಡಿಯ ಬಂಧುಗಳು ಇದು ತಮಗಲ್ಲವೆಂದುಕೊಳ್ಳಬಾರದು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಕಿರ್ದಿ ಮುಚ್ಚುವ ಕಿರಾಣಿಯವನು ತನ್ನ ಗಲ್ಲಾಪೆಟ್ಟಿಗೆಗೇ ಜೀತದಾಳು. ವಾರಕ್ಕೊಂದು ದಿನ ಬಾಗಿಲು ಮುಚ್ಚೋಣವೆಂದರೆ, 2021ರಲ್ಲಿ ಸರ್ಕಾರ ಹತ್ತು ಮತ್ತು ಮೇಲ್ಪಟ್ಟು ಆಳುಗಳಿರುವ ಅಂಗಡಿಗಳು ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬಹುದೆಂದು ಆಜ್ಞೆ ಹೊರಡಿಸಿತು. ದೊಡ್ಡವನು ಮುಚ್ಚದಿದ್ದರೆ ಸಣ್ಣವನು ಹೇಗೆ ಮುಚ್ಚಿಯಾನು? ಪೇಟೆಯವರೆಲ್ಲ ಒಗ್ಗಟ್ಟಾಗಿ ಒಂದು ಗೊತ್ತಾದ ಹೊತ್ತಿಗೆ ಬಾಗಿಲೆಳೆಯದೆ ಇದಕ್ಕೆ ಬೇರೆ ದಾರಿಯಿಲ್ಲ.

ಹೊತ್ತು ಸಿಕ್ಕರೂ ಕಾಸು ಬೇಕು. ಸಿನಿಮಾ ಟಿಕೀಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿಯನ್ನು ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಹಾಕಿತು. ಚಿತ್ರಮಂದಿರದವರು ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದರು. ನಾಲ್ವರ ಮನೆಗೆ ಆ 200ರ ಲೆಕ್ಕದಲ್ಲೇ 800 ಆಗುತ್ತದೆ. ಅದೂ ಹೆಚ್ಚಾಯಿತೆಂದು ನಾವು ಹೇಳುವಾಗ ಅವರಿಗೆ ಅದು ಕಡಿಮೆಯಾಯಿತು!

ಪುಸ್ತಕಕ್ಕಾದರೋ ನೀವು ಈಗಾಗಲೇ ಹಣ ಕೊಟ್ಟಿದ್ದೀರಿ. ಮನೆ, ಅಂಗಡಿಗಳ ಕಂದಾಯದ ರಸೀದಿ ತೆಗೆದು ನೋಡಿ: ಕಂದಾಯದ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೆಂದು ಬರೆದಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದ ಕರ ಇದು. ಬೆಂಗಳೂರಿನ ಮಹಾನಗರ ಪಾಲಿಕೆ ಹೀಗೆ ವಸೂಲು ಮಾಡಿದ್ದನ್ನು ಗ್ರಂಥಾಲಯಕ್ಕೆ ಕೊಡದೆ ಕೋಟಿಗಟ್ಟಲೆ ಬಾಕಿಯಿಟ್ಟದ್ದು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂದ ಸುದ್ದಿ. ನಮ್ಮ ನಗರಸಭೆಯ ಲೆಕ್ಕವನ್ನೂ ಕೇಳೋಣ. ಎಷ್ಟು ವಸೂಲಾಯಿತು, ಎಷ್ಟು ತಲುಪಿತು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು.

ಮುಂದಿನ ವೇತನ ಒಪ್ಪಂದದ ಮಾತುಕತೆಗೆ ಹೋಗುವ ಸಂಘದ ಪದಾಧಿಕಾರಿಗಳಿಗೆ ನಮ್ಮ ಒತ್ತಾಯವಿಷ್ಟು. ತುಟ್ಟಿಭತ್ಯೆ ಮತ್ತು ಬೋನಸಿನ ಕೆಳಗೆ ಇವನ್ನೂ ಬರೆಯಿರಿ: ಯಾವ ಪಾಳಿಯೂ ದಿನಕ್ಕೆ ಎಂಟು ಗಂಟೆ ಮೀರಬಾರದು, ಪಾಳಿಯ ಪಟ್ಟಿ ವಾರ ಮುಂಚೆ ಗೇಟಿನಲ್ಲಿ ಅಂಟಬೇಕು, ಓವರ್‌ಟೈಮ್ ಒಲ್ಲೆನೆಂದವನನ್ನು ಕಾಡಬಾರದು, ಗಿರಣಿಯೊಳಗೆ ಒಂದು ಕೋಣೆ, ಎರಡು ಬೀರು ಪುಸ್ತಕ, ಒಂದು ಹಾರ್ಮೋನಿಯಂ ಬೇಕು. ನಗರ ಗ್ರಂಥಾಲಯವು ರಾತ್ರಿ ಒಂಬತ್ತೂವರೆಯ ತನಕ ತೆರೆದಿರಬೇಕೆಂಬ ಮನವಿಗೆ ಸಹಿ ಸಂಗ್ರಹ ನಮ್ಮ ಕಚೇರಿಯಲ್ಲಿ ಮುಂದಿನ ಸಂತೆಯ ದಿನದಿಂದ ಆರಂಭವಾಗುತ್ತದೆ. ಹೆಣ್ಣುಮಕ್ಕಳ ಸಹಿ ಮೊದಲ ಹಾಳೆಯಲ್ಲಿರಲಿ.