ಮೇಲಿನ ಸಾಲು ಎಲ್ಲಿದೆ ತಾತ?

ಮಕ್ಕಳೇ, ಮೊನ್ನೆ ಮೊಮ್ಮಗಳು ಶಾಲೆಯ ಲೈಬ್ರರಿಯಿಂದ ಚಿತ್ರಕಲೆಯ ಪುಸ್ತಕವೊಂದನ್ನು ತಂದಿದ್ದಳು. ಅದರಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ಒಂಟಿಯಾಗಿ ಕೂತಿದ್ದ. ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ. “ತಾತ, ಇವರಿಗೆ ಮೂಗು, ಬಾಯಿ ಬಿಡಿಸೋಕೆ ಬರಲ್ವಾ?” ಎಂದಳು.

ಚೆಕ್ಕಿನ ಸಹಿಯನ್ನು ಬ್ಯಾಂಕಿನ ಕಾರ್ಡಿನ ಸಹಿಗೆ ತಾಳೆ ನೋಡುತ್ತಲೇ ನಿವೃತ್ತನಾದವನು ನಾನು. ತಾಳೆಯಾಗದಿದ್ದರೆ ತಪ್ಪು ಎನ್ನುವುದು ನನಗೂ ಅಭ್ಯಾಸ. ಆದರೆ ಈ ಚಿತ್ರಗಳ ಲೆಕ್ಕವೇ ಬೇರೆ. ಕಣ್ಣಿಗೆ ಕಂಡಂತಲ್ಲ, ಮನಸ್ಸಿಗೆ ಅನಿಸಿದಂತೆ ಬರೆಯುವ ಈ ರೀತಿಗೆ ಎಕ್ಸ್‌ಪ್ರೆಷನಿಸಂ ಎನ್ನುತ್ತಾರೆ. ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ‘ಚೀತ್ಕಾರ’ ಚಿತ್ರದಲ್ಲಿ ಮನುಷ್ಯನ ಭಯಕ್ಕೆ ಆಕಾಶವೇ ಕೆಂಪಾಗಿ ಅಲೆಅಲೆಯಾಗಿದೆ.

ಪುಸ್ತಕದ ಚಿತ್ರ ಯೂಸುಫ್ ಅರಕ್ಕಲ್ ಅವರದು. 1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನಲ್ಲಿ ದುಡಿದರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತರು. 2016ರಲ್ಲಿ ಇಲ್ಲೇ ತೀರಿಕೊಂಡರು. ಒಂಟಿ ಮನುಷ್ಯರನ್ನು ಅವರು ಮತ್ತೆ ಮತ್ತೆ ಬರೆದರು. ಮುಖ ಸ್ಪಷ್ಟವಿಲ್ಲದಿದ್ದರೆ ಅವನು ಯಾವ ಜಾತಿ, ಯಾವ ಮತ ಎಂದು ಕೇಳುವಂತಿಲ್ಲ. ಅವನು ಯಾರೂ ಆಗಬಹುದು.

ಮೊಮ್ಮಗಳಿಗೆ ವೀರಗಲ್ಲು ಗೊತ್ತು. ನಮ್ಮ ಬೇಗೂರಿನ ದೇವಸ್ಥಾನದಲ್ಲೇ ‘ಬೆಂಗಳೂರು ಕಾಳಗ’ವನ್ನು ಹೇಳುವ, ಸಾವಿರ ವರ್ಷಕ್ಕೂ ಹಳೆಯ ಶಾಸನವಿದೆಯಲ್ಲ! ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಸಾಲು ಶಿಲ್ಪ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಲ್ಲೂ ವೀರನ ಮುಖ ಅವನಂತೆಯೇ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅವನ ನೋವಿಗೆ ಒಂದು ಅರ್ಥವಿದೆ ಎನ್ನುವುದೇ ಆ ಕಲ್ಲಿನ ಮಾತು.

“ಹಾಗಾದ್ರೆ ಈ ಚಿತ್ರದಲ್ಲಿ ಮೇಲಿನ ಸಾಲು ಎಲ್ಲಿದೆ ತಾತ?” ಎಂದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. “ಇವನನ್ನು ನೋಡಿದರೆ ನಿನಗೇನು ಅನ್ಸತ್ತೆ?” ಎಂದೆ.

“ಪಕ್ಕದಲ್ಲಿ ಹೋಗಿ ಕೂತ್ಕೋಬೇಕು ಅನ್ಸತ್ತೆ.”

ಅವಳ ಅಜ್ಜಿ ತೀರಿಕೊಂಡ ವರ್ಷ ನಾನೂ ಜಗಲಿಯ ಮೇಲೆ ಹೀಗೇ ಕೂತಿರುತ್ತಿದ್ದೆ. ಆಗ ಈ ಮಗು ಏನೂ ಕೇಳದೆ ಬಂದು ಪಕ್ಕದಲ್ಲಿ ಕೂರುತ್ತಿತ್ತು.

“ಅದೇ ಕಣಮ್ಮ ಮೇಲಿನ ಸಾಲು. ಅದನ್ನು ನೋಡುವವರಿಗೇ ಬಿಟ್ಟಿದ್ದಾರೆ” ಎಂದೆ.

ಮಕ್ಕಳೇ, ಈ ವಾರ ಅಜ್ಜಿ ತಾತಂದಿರ ಚಿತ್ರ ಬರೆಯಿರಿ. ಮೂಗು ಸೊಟ್ಟಗಾದರೂ ಪರವಾಗಿಲ್ಲ. ಮೊದಲು ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿ ಕೂತು ಬನ್ನಿ.